ಲೆಕ್ಕ ತಾಳೆಯಾಗದಿದ್ದಾಗ ಒಂಬತ್ತರ ಪರೀಕ್ಷೆ



ಶಾಲೆಯಲ್ಲಿ ಬಿಡಿಸುವ ಅಂಕಿಗಳ ಒಗಟೊಂದು ಗ್ರಾಮ ಪಂಚಾಯಿತಿಯ ಲೆಕ್ಕಪತ್ರಗಳ ಪರಿಶೀಲನೆಗೂ ನೆರವಾಗುತ್ತದೆ. ಮೊದಲು ಒಗಟನ್ನು ನೋಡೋಣ.

ಎರಡಂಕಿಯ ಒಂದು ಸಂಖ್ಯೆಯ ಅಂಕಿಗಳ ಮೊತ್ತ 12. ಅಂಕಿಗಳನ್ನು ಅದಲುಬದಲು ಮಾಡಿದರೆ ಸಂಖ್ಯೆಯು 36ರಷ್ಟು ಕಡಿಮೆಯಾಗುತ್ತದೆ. ಆ ಸಂಖ್ಯೆ ಯಾವುದು?

ಹತ್ತರ ಸ್ಥಾನದ ಅಂಕಿಯು ಬಿಡಿ ಸ್ಥಾನಕ್ಕೆ ಇಳಿದಾಗ ತನ್ನ ಒಂಬತ್ತು ಪಟ್ಟು ಬೆಲೆಯನ್ನು ಕಳೆದುಕೊಳ್ಳುತ್ತದೆ. ಬಿಡಿ ಸ್ಥಾನದ ಅಂಕಿಯು ಮೇಲೇರಿದಾಗ ಒಂಬತ್ತು ಪಟ್ಟು ಗಳಿಸುತ್ತದೆ. ಆದುದರಿಂದ ಒಟ್ಟು ವ್ಯತ್ಯಾಸವು ಯಾವಾಗಲೂ ಎರಡು ಅಂಕಿಗಳ ಅಂತರದ ಒಂಬತ್ತು ಪಟ್ಟು. 36ನ್ನು 9ರಿಂದ ಭಾಗಿಸಿದರೆ ಅಂತರ 4. ಮೊತ್ತ 12, ಅಂತರ 4 ಇರುವ ಅಂಕಿಗಳು 8 ಮತ್ತು 4. ಉತ್ತರ 84. ತಾಳೆ: 84 – 48 = 36.

ಈಗ ನಗದು ಪುಸ್ತಕಕ್ಕೆ ಬರೋಣ. ಉದಾಹರಣೆಗೆ, ತೆರಿಗೆ ರಸೀದಿಗಳು ರೂ. 1,640, ರೂ. 875 ಮತ್ತು ರೂ. 1,320, ಒಟ್ಟು ರೂ. 3,835. ನಗದು ಪುಸ್ತಕದಲ್ಲಿರುವ ಮೊತ್ತ ರೂ. 3,655. ವ್ಯತ್ಯಾಸ ರೂ. 180. ಇದರ ಅಂಕಿಗಳ ಮೊತ್ತ 1 + 8 + 0 = 9; ಅಂದರೆ 180 ಒಂಬತ್ತರಿಂದ ಭಾಗವಾಗುತ್ತದೆ. ಅಂಕಿಗಳು ಅದಲುಬದಲಾಗಿರುವ ಸಂಭವವಿದೆ. 180 ಎಂದರೆ 90ರ ಎರಡು ಪಟ್ಟು. ಆದುದರಿಂದ ನೂರರ ಅಂಕಿಯು ಹತ್ತರ ಅಂಕಿಗಿಂತ 2 ಹೆಚ್ಚಿರುವ ರಸೀದಿಯನ್ನು ಹುಡುಕಬೇಕು. ಅಂಥದ್ದು 1,640 ಒಂದೇ. ಅದು 1,460 ಎಂದು ನಮೂದಾಗಿದೆ.

ಈ ತಪ್ಪು ಉಳಿದರೆ, ಪೂರ್ಣ ತೆರಿಗೆ ಪಾವತಿಸಿದ ಕುಟುಂಬದ ಹೆಸರಿನಲ್ಲಿ ರೂ. 180 ಬಾಕಿ ತೋರಿ, ಮುಂದಿನ ಬೇಡಿಕೆ ನೋಟಿಸಿನಲ್ಲಿ ಅದೇ ಮೊತ್ತ ಸೇರುತ್ತದೆ.

ಎರಡು ಎಚ್ಚರಿಕೆಗಳು: ವ್ಯತ್ಯಾಸವು 9ರಿಂದ ಭಾಗವಾಗದಿದ್ದರೆ, ಅದಲುಬದಲು ಒಂದೇ ಕಾರಣವಾಗಿರಲಾರದು, ಬಿಟ್ಟುಹೋದ ಅಥವಾ ಎರಡು ಬಾರಿ ನಮೂದಾದ ರಸೀದಿಯನ್ನು ಹುಡುಕಬೇಕು. ಭಾಗವಾದರೂ ಅದು ಸುಳಿವು ಮಾತ್ರ, ಸಾಕ್ಷ್ಯವಲ್ಲ, ರೂ. 450ರ ರಸೀದಿ ಬಿಟ್ಟುಹೋದರೂ ವ್ಯತ್ಯಾಸ 9ರಿಂದ ಭಾಗವಾಗುತ್ತದೆ. ಆದ್ದರಿಂದ ಮೂಲ ರಸೀದಿಯ ಪ್ರತಿಯನ್ನು ನೋಡದೆ ಯಾವ ಸಿಬ್ಬಂದಿಯ ಮೇಲೂ ದೋಷ ಹೊರಿಸಬಾರದು, ನಮೂದನ್ನೂ ತಿದ್ದಿಸಬಾರದು.

ಅಭ್ಯಾಸ: ಎರಡಂಕಿಯ ಸಂಖ್ಯೆಯೊಂದರ ಅಂಕಿಗಳ ಮೊತ್ತ 11. ಅದಲುಬದಲು ಮಾಡಿದರೆ ಸಂಖ್ಯೆಯು 27ರಷ್ಟು ಹೆಚ್ಚುತ್ತದೆ. ಸಂಖ್ಯೆ ಯಾವುದು?

(ಉತ್ತರ: 47)

ಜಮಾಬಂದಿಗೆ ಮುನ್ನ ಸದಸ್ಯರು ತಮ್ಮ ವಾರ್ಡಿನ ಒಂದು ತಿಂಗಳ ರಸೀದಿಗಳನ್ನಾದರೂ ಈ ಕ್ರಮದಲ್ಲಿ ತಾಳೆ ನೋಡುವುದು ಸೂಕ್ತ.