ಅಟ್ಟದ ಮೇಲಿನ ಸ್ಪೀಕರ್: ಹಳೆಯ ಸ್ಟೀರಿಯೊಗೆ ಮತ್ತೆ ಕರೆಂಟು ಕೊಡುವ ಮುನ್ನ



ನಾನು ಪಿಯುಸಿ ಓದುತ್ತಿದ್ದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಮರದ ಪೆಟ್ಟಿಗೆಯ ಎರಡು ಸ್ಪೀಕರ್‌ಗಳಿದ್ದವು. ತಂದೆಯವರು ಸೌದಿಯಿಂದ ರಜೆಗೆ ಬಂದಾಗ ತಂದದ್ದು. ಆಗ ಊರಿಗೆ ಫೋನ್ ಮಾಡುವುದು ದುಬಾರಿ. ಅವರು ತಮ್ಮ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ಮನೆಮಂದಿಯೆಲ್ಲ ಆ ಸ್ಪೀಕರ್‌ಗಳ ಮುಂದೆ ಕುಳಿತು ಆ ‘ಪತ್ರ’ ಕೇಳುತ್ತಿದ್ದೆವು.

ಸ್ಟೀರಿಯೊದ ಜೊತೆಗೆ ಬಂದ ಆಂಪ್ಲಿಫೈಯರ್ ಕೆಟ್ಟ ಮೇಲೆ ನಾನು ಪೇಟೆಯಿಂದ ಅಗ್ಗದ ಒಂದನ್ನು ತಂದೆ. ಅದರ ಡಬ್ಬದ ಮೇಲೆ ಸಾವಿರ ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಮನೆಯಲ್ಲಿ ಮದುವೆಯ ಗದ್ದಲ. ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಅರ್ಧ ಗಂಟೆಯೊಳಗೆ ಎರಡೂ ಪೆಟ್ಟಿಗೆಗಳ ಟ್ವೀಟರ್ ಸುಟ್ಟುಹೋದವು. ಆಮೇಲೆ ಕ್ಯಾಸೆಟ್ ಹಾಕಿದರೆ ತಂದೆಯವರ ದನಿ ಕಂಬಳಿಯೊಳಗಿಂದ ಬಂದಂತೆ ಕೇಳಿಸುತ್ತಿತ್ತು. ‘ಸ’, ‘ಶ’, ‘ಚ’ ಅಕ್ಷರಗಳು ಮಸುಕಾಗಿದ್ದವು. ಅವರು ಬೈಯಲಿಲ್ಲ. ಸ್ಪೀಕರ್‌ಗಳು ಅಟ್ಟಕ್ಕೆ ಹೋದವು.

ಏಕೆ ಹೀಗಾಯಿತು ಎಂಬ ಪ್ರಶ್ನೆಗೆ ಉತ್ತರ ನನ್ನ ಚೀಲದಲ್ಲೇ ಇದ್ದ ಭೌತಶಾಸ್ತ್ರದ ಪುಸ್ತಕದಲ್ಲಿತ್ತು. ಅದನ್ನು ಪರೀಕ್ಷೆಗಾಗಿ ಓದಿದ್ದೆ, ಮನೆಗಾಗಿ ಓದಿರಲಿಲ್ಲ. ಕರಾವಳಿಯ ಎಷ್ಟೋ ಮನೆಗಳ ಅಟ್ಟದಲ್ಲಿ ಇಂಥ ಸ್ಪೀಕರ್‌ಗಳು ಇನ್ನೂ ಇವೆ. ಅವುಗಳಲ್ಲಿ ಕಾಲ ಹಾಳು ಮಾಡುವುದು ಹೆಚ್ಚಾಗಿ ಅಗ್ಗದ ಭಾಗಗಳನ್ನು. ಸಿಗದ ಭಾಗಗಳನ್ನು ಹಾಳು ಮಾಡುವುದು ನಮ್ಮ ಅವಸರ. ಈ ಪಾಠದ ಸಾರ ಇಷ್ಟೇ.

ಪೆಟ್ಟಿಗೆಯೊಳಗಿನ ಗಾಳಿ

ಇಂದಿನ ಸ್ಪೀಕರಿನ ಮೂಲ ರೂಪ 1925ರದ್ದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅದನ್ನು ವಿವರಿಸಿ ಪ್ರಬಂಧ ಬರೆದರು. ಕಾಂತಕ್ಷೇತ್ರದ ನಡುವೆ ತೂಗುವ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಶಂಕು. ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿದಾಗ ಅದರ ಮೇಲೆ ಬಲ ಉಂಟಾಗುತ್ತದೆ, ಶಂಕು ಹಿಂದೆ ಮುಂದೆ ಚಲಿಸಿ ಗಾಳಿಯನ್ನು ಅಲುಗಿಸುತ್ತದೆ.

ತಗ್ಗಿನ ಸ್ವರಗಳಿಗೆ ಶಂಕು ಹೆಚ್ಚು ದೂರ ಚಲಿಸಬೇಕು. ಅಷ್ಟು ದೂರ ಹೋದಾಗ ಅದನ್ನು ಹಿಡಿದಿಟ್ಟ ಬಿಗಿಯಾದ ಅಂಚು ಸಮನಾಗಿ ಹಿಗ್ಗುವುದಿಲ್ಲ, ಶಬ್ದ ಕೆಡುತ್ತದೆ. ಇದಕ್ಕೆ ಪರಿಹಾರ ಕಂಡವರು ಎಡ್ಗರ್ ವಿಲ್ಚರ್. ಅವರು ಓದಿದ್ದು ಕಲಾ ಇತಿಹಾಸ. ಎಲೆಕ್ಟ್ರಾನಿಕ್ಸ್ ಕಲಿತದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿ. ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿ ಪುನರುತ್ಪಾದನೆಯ ಪಾಠ ಹೇಳುತ್ತಿದ್ದರು. ಅವರ ತರಗತಿಗೆ ಬರುತ್ತಿದ್ದ ಹೆನ್ರಿ ಕ್ಲಾಸ್ ಎಂಬ ಯುವಕನೊಡನೆ ಸೇರಿ 1954ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಆರಂಭಿಸಿದರು. ಮೇಷ್ಟ್ರು ಮತ್ತು ವಿದ್ಯಾರ್ಥಿ ಕೂಡಿ ಕಟ್ಟಿದ ಕಂಪನಿ ಅದು.

ಅವರ ಉಪಾಯ ತಿಳಿಯಬೇಕಾದರೆ ಸೈಕಲ್ ಪಂಪ್ ಕೈಗೆತ್ತಿಕೊಳ್ಳಿ. ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ಹಿಡಿ ತಾನಾಗಿ ಹಿಂದಕ್ಕೆ ಬರುತ್ತದೆ. ಒಳಗಿನ ಗಾಳಿಯೇ ಸ್ಪ್ರಿಂಗ್. ವಿಲ್ಚರ್ ಶಂಕುವಿನ ಅಂಚನ್ನು ಸಡಿಲಗೊಳಿಸಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಹಿಂದಕ್ಕೆ ಎಳೆಯುವ ಕೆಲಸವನ್ನು ಒಳಗಿನ ಗಾಳಿಗೆ ಒಪ್ಪಿಸಿದರು. ಹೀಗಾಗಿ ಪುಸ್ತಕದ ಕಪಾಟಿನಲ್ಲಿ ಹಿಡಿಸುವ ಪೆಟ್ಟಿಗೆಯಿಂದಲೂ ಆಳವಾದ ಸ್ವರ ಬಂತು. 1958ರ ಎಆರ್-3ರಲ್ಲಿ ಗುಮ್ಮಟದ ಆಕಾರದ ಟ್ವೀಟರ್ ಬಂತು. 1967ರ ಎಆರ್-3ಎ ಇಂದಿಗೂ ಹಳೆಯ ಸ್ಪೀಕರ್ ಪ್ರಿಯರು ಹುಡುಕುವ ಮಾದರಿ. 12 ಇಂಚಿನ ವೂಫರ್, ಎರಡು ಸಣ್ಣ ಗುಮ್ಮಟಗಳು, 4 ಓಮ್ ಇಂಪಿಡೆನ್ಸ್. ಈ ‘4 ಓಮ್’ ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಏನು ಉಳಿಯುತ್ತದೆ, ಏನು ಹಾಳಾಗುತ್ತದೆ

ಐವತ್ತು ವರ್ಷ ಕಳೆದರೂ ಅಯಸ್ಕಾಂತ, ತಾಮ್ರದ ಸುರುಳಿ, ಕಾಗದದ ಶಂಕು, ಒಣಗಿದ ಜಾಗದಲ್ಲಿಟ್ಟ ಮರದ ಪೆಟ್ಟಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಕೆಡುವುದು ಮುಖ್ಯವಾಗಿ ಮೂರು.

ಒಂದು, ವೂಫರಿನ ಅಂಚು. 1970ರ ದಶಕದಲ್ಲಿ ಅನೇಕ ಕಂಪನಿಗಳು ಇದಕ್ಕೆ ಪಾಲಿಯುರೆಥೇನ್ ಫೋಮ್ ಬಳಸಿದವು. ತೇವ ಮತ್ತು ಆಮ್ಲಜನಕ ಅದರ ಅಣುಸರಪಳಿಗಳನ್ನು ಕತ್ತರಿಸುತ್ತವೆ. ಕಡೆಗೆ ಬೆರಳು ತಾಗಿಸಿದರೆ ಪುಡಿಯಾಗುತ್ತದೆ. ನಮ್ಮ ಕರಾವಳಿಯ ಹವೆ ಅದಕ್ಕೆ ಒಳ್ಳೆಯದಲ್ಲ. ಬಟ್ಟೆ ಅಥವಾ ರಬ್ಬರಿನ ಅಂಚು ಹೆಚ್ಚು ಕಾಲ ಬಾಳುತ್ತದೆ.

ಎರಡು, ಕ್ರಾಸ್‌ಓವರ್‌ನ ಕೆಪಾಸಿಟರ್. ತಗ್ಗಿನ ಸ್ವರ ವೂಫರಿಗೆ, ಎತ್ತರದ ಸ್ವರ ಟ್ವೀಟರಿಗೆ ಎಂದು ಹಂಚುವ ಸರ್ಕಿಟ್ ಇದು. ಟ್ವೀಟರಿನ ಸಾಲಿನಲ್ಲಿ 6 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದೆ ಎನ್ನೋಣ. ನೀವು ಪರ್ಯಾಯ ವಿದ್ಯುತ್ ಪಾಠದಲ್ಲಿ ಕಲಿತ ರಿಯಾಕ್ಟನ್ಸ್ ಸೂತ್ರಕ್ಕೆ ಬೆಲೆ ಹಾಕಿ ನೋಡಿ. 5000 ಹರ್ಟ್ಸ್‌ನಲ್ಲಿ ಅದರ ತಡೆ ಸುಮಾರು 5.3 ಓಮ್, 50 ಹರ್ಟ್ಸ್‌ನಲ್ಲಿ ಸುಮಾರು 530 ಓಮ್. ನಾಜೂಕಾದ ಟ್ವೀಟರಿನ ಬಾಗಿಲಲ್ಲಿ ನಿಂತ ಕಾವಲುಗಾರ ಇವನೇ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ವಯಸ್ಸಾದಂತೆ ಒಣಗಿ ತನ್ನ ಬೆಲೆ ಬದಲಿಸುತ್ತದೆ.

ಮೂರು, ಹಿಂಬದಿಯ ಲೆವೆಲ್ ಕಂಟ್ರೋಲ್‌ಗಳು. ಹಳೆಯ ಎಆರ್ ಸ್ಪೀಕರ್‌ಗಳಲ್ಲಿ ಇವು ಕಿಲುಬು ಹಿಡಿಯುವುದು ತೀರಾ ಸಾಮಾನ್ಯ. ಟ್ವೀಟರ್ ಸತ್ತಿದೆ ಎಂದು ಜನ ಎಸೆದುಬಿಡುತ್ತಾರೆ. ನಿಜದಲ್ಲಿ ಸಂಪರ್ಕ ತಪ್ಪಿರುತ್ತದೆ ಅಷ್ಟೆ.

ಮೊದಲು ಪರೀಕ್ಷೆ

ಅಟ್ಟದಿಂದ ಇಳಿಸಿದ ಕೂಡಲೇ ಆಂಪ್ಲಿಫೈಯರಿಗೆ ಜೋಡಿಸಬೇಡಿ. ಮುಂಭಾಗದ ಬಟ್ಟೆ ತೆಗೆದು ಅಂಚನ್ನು ನೋಡಿ. ಮುಚ್ಚಿದ ಪೆಟ್ಟಿಗೆಯಾದರೆ ಶಂಕುವನ್ನು ಬೆರಳುಗಳಿಂದ ಎರಡೂ ಕಡೆ ಸಮನಾಗಿ, ಮೆಲ್ಲಗೆ ಒತ್ತಿ ಬಿಡಿ. ನಿಧಾನವಾಗಿ ಮೊದಲಿನ ಜಾಗಕ್ಕೆ ಬಂದರೆ ಪೆಟ್ಟಿಗೆ ಗಾಳಿ ಹಿಡಿದಿದೆ. ಥಟ್ಟನೆ ಬಂದರೆ ಎಲ್ಲೋ ಸೋರಿಕೆ ಇದೆ. ಒತ್ತುವಾಗ ಕರಕರ ಸದ್ದು ಬಂದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿದೆ.

ನಂತರ ಮಲ್ಟಿಮೀಟರ್. 8 ಓಮ್ ಎಂದು ಬರೆದ ವೂಫರಿನ ಡಿಸಿ ರೋಧ ಸುಮಾರು 5.5ರಿಂದ 7 ಓಮ್, 4 ಓಮ್‌ನದ್ದು 3ರಿಂದ 3.5 ಓಮ್ ತೋರಿಸುವುದು ಸಹಜ. ಅನಂತ ತೋರಿಸಿದರೆ ಸುರುಳಿ ತುಂಡಾಗಿದೆ. ಇಲ್ಲಿ ಒಂದು ಎಚ್ಚರಿಕೆ. ಹಿಂಬದಿಯ ಟರ್ಮಿನಲ್‌ನಲ್ಲಿ ಅಳೆದರೆ ಕಾಣುವುದು ವೂಫರ್ ಮಾತ್ರ. ಟ್ವೀಟರಿನ ಸಾಲಿನಲ್ಲಿರುವ ಕೆಪಾಸಿಟರ್ ಮೀಟರಿನ ಡಿಸಿಯನ್ನು ತಡೆಯುತ್ತದೆ. ಟ್ವೀಟರ್ ಪರೀಕ್ಷಿಸಬೇಕಾದರೆ ಅದರ ತಂತಿ ಬಿಡಿಸಿ ಪ್ರತ್ಯೇಕವಾಗಿಯೇ ಅಳೆಯಬೇಕು.

ದುರಸ್ತಿ

ಫೋಮ್ ಹೋಗಿದ್ದರೆ ವೂಫರ್ ಎಸೆಯಬೇಕಾಗಿಲ್ಲ. ಅಳತೆಗೆ ಸರಿಯಾದ ಹೊಸ ಫೋಮ್ ಬಳೆ ಸಿಗುತ್ತದೆ. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಮೃದುಗೊಳಿಸಿ ತಾಳ್ಮೆಯಿಂದ ಕೆರೆದು ತೆಗೆಯಬೇಕು. ಹೊಸ ಬಳೆ ಅಂಟಿಸುವಾಗ ಸುರುಳಿ ನಟ್ಟನಡುವೆ ನಿಲ್ಲುವುದೇ ಮುಖ್ಯ. ಅದಕ್ಕಾಗಿ ನಡುವಿನ ಧೂಳುಮುಚ್ಚಳ ಬಿಡಿಸಿ, ಸುರುಳಿಯ ಸುತ್ತ ತೆಳುವಾದ ಪ್ಲಾಸ್ಟಿಕ್ ಪಟ್ಟಿಗಳನ್ನು ಸಿಕ್ಕಿಸಿ, ಅಂಟು ಪೂರ್ತಿ ಒಣಗಿದ ಮೇಲೆ ತೆಗೆಯುತ್ತಾರೆ. ಮೊದಲ ಸಲ ಮಾಡುವವರು ಬೇಡವಾದ ಸ್ಪೀಕರ್ ಒಂದರ ಮೇಲೆ ಕೈ ಪಳಗಿಸಿಕೊಳ್ಳುವುದು ಲೇಸು.

ಕೆಪಾಸಿಟರ್ ಬದಲಿಸುವಾಗ ಬೆಲೆ ಮೊದಲಿನಷ್ಟೇ ಇರಲಿ. ಪ್ಲಸ್ ಮೈನಸ್ ಗುರುತಿರುವ ಸಾಮಾನ್ಯ ಎಲೆಕ್ಟ್ರೊಲಿಟಿಕ್ ಇಲ್ಲಿ ಬಳಸಬಾರದು, ಏಕೆಂದರೆ ಇಲ್ಲಿ ಹರಿಯುವುದು ಪರ್ಯಾಯ ವಿದ್ಯುತ್. ನಾನ್-ಪೋಲಾರ್ ಅಥವಾ ಫಿಲ್ಮ್ ಕೆಪಾಸಿಟರ್ ಕೇಳಿ ತನ್ನಿ. ಬಿಚ್ಚುವ ಮೊದಲು ಎಲ್ಲ ತಂತಿಗಳ ಫೋಟೊ ತೆಗೆದುಕೊಳ್ಳಿ. ತೆಗೆದ ಹಳೆಯ ಭಾಗಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯ ಜೊತೆಗೇ ಇಡಿ. ಮುಂದೆ ಬಿಚ್ಚುವವರಿಗೆ ಅದೇ ದಾಖಲೆ. ಕೆಡದಿರುವುದನ್ನು ಮಾತ್ರ ಮುಟ್ಟಬೇಡಿ.

ಎಷ್ಟು ವ್ಯಾಟ್ ಬೇಕು?

ಈಗ ನನ್ನ ತಪ್ಪಿಗೆ ಬರೋಣ. ಡಬ್ಬದ ಮೇಲಿದ್ದ ಸಾವಿರ ವ್ಯಾಟ್ ‘ಪಿಎಂಪಿಒ’ ಲೆಕ್ಕದ್ದು. ಅದು ಮಾರಾಟಕ್ಕಾಗಿ ಬರೆಯುವ ಸಂಖ್ಯೆ. ಎಲ್ಲರೂ ಒಪ್ಪಿದ ಅಳತೆಯ ಕ್ರಮ ಅದಕ್ಕಿಲ್ಲ. ನೋಡಬೇಕಾದದ್ದು ‘ಆರ್‌ಎಂಎಸ್’ ವ್ಯಾಟ್, ಅದೂ ಎಷ್ಟು ಓಮ್‌ಗೆ ಎಂಬುದರ ಸಮೇತ.

ಸಣ್ಣ ಆಂಪ್ಲಿಫೈಯರಿನಿಂದ ಅದರ ಶಕ್ತಿಗೆ ಮೀರಿ ಕೇಳಿದರೆ ಅಲೆಯ ಶಿಖರಗಳು ಕತ್ತರಿಸಿಹೋಗುತ್ತವೆ. ದುಂಡಗಿನ ಅಲೆ ಚೌಕದತ್ತ ತಿರುಗುತ್ತದೆ. ಅದೇ ಎತ್ತರದ ಪೂರ್ಣ ಚೌಕ ಅಲೆಯಲ್ಲಿ ಸೈನ್ ಅಲೆಗಿಂತ ಎರಡು ಪಟ್ಟು ಶಕ್ತಿ ಇರುತ್ತದೆ. ಜೊತೆಗೆ ಮೂಲದಲ್ಲಿ ಇರದಿದ್ದ ಎತ್ತರದ ಆವೃತ್ತಿಗಳು ಹುಟ್ಟುತ್ತವೆ. ಕ್ರಾಸ್‌ಓವರ್ ಅವನ್ನು ಪ್ರಾಮಾಣಿಕವಾಗಿ ಟ್ವೀಟರಿಗೇ ಕಳುಹಿಸುತ್ತದೆ. ಕೂದಲೆಳೆಯಂಥ ಅದರ ಸುರುಳಿ ಕಾದು ತುಂಡಾಗುತ್ತದೆ. ಅಂದರೆ ದುರ್ಬಲ ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸುವುದಕ್ಕಿಂತ ಸಬಲವಾದುದನ್ನು ಮಿತವಾಗಿ ಬಳಸುವುದೇ ಕ್ಷೇಮ. ಶಬ್ದ ಒಡೆದಂತೆ ಕೇಳಿಸಿದ ಕ್ಷಣವೇ ವಾಲ್ಯೂಮ್ ಇಳಿಸಿ.

ಇನ್ನೊಂದು ಅಪಾಯ ಆಂಪ್ಲಿಫೈಯರಿಗೆ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಪವರ್. 20 ವೋಲ್ಟ್‌ಗೆ 8 ಓಮ್ ಸ್ಪೀಕರ್ 2.5 ಆಂಪಿಯರ್ ಎಳೆಯುತ್ತದೆ, 50 ವ್ಯಾಟ್. 4 ಓಮ್ ಸ್ಪೀಕರ್ 5 ಆಂಪಿಯರ್, 100 ವ್ಯಾಟ್. ಆದ್ದರಿಂದ ಎಆರ್-3ಎಯಂಥ ಸ್ಪೀಕರಿಗೆ 4 ಓಮ್ ತಾಳುವ ಆಂಪ್ಲಿಫೈಯರೇ ಬೇಕು. ಅಂಥ ಎರಡನ್ನು ಸಮಾಂತರವಾಗಿ ಒಂದೇ ಚಾನೆಲ್‌ಗೆ ಜೋಡಿಸಿದರೆ 2 ಓಮ್ ಆಗುತ್ತದೆ, ಹೆಚ್ಚಿನ ಮನೆಬಳಕೆಯ ಆಂಪ್ಲಿಫೈಯರ್‌ಗಳು ಅದನ್ನು ತಾಳವು.

ಸ್ಪೀಕರಿನ ಸೆನ್ಸಿಟಿವಿಟಿಯನ್ನೂ ಗಮನಿಸಿ. ಶಬ್ದ 3 ಡೆಸಿಬಲ್ ಏರಬೇಕಾದರೆ ಪವರ್ ಎರಡು ಪಟ್ಟಾಗಬೇಕು, 10 ಡೆಸಿಬಲ್ ಏರಬೇಕಾದರೆ ಹತ್ತು ಪಟ್ಟು. ಸಣ್ಣ ಮುಚ್ಚಿದ ಪೆಟ್ಟಿಗೆಯಲ್ಲಿ ಆಳವಾದ ಸ್ವರ ಪಡೆದದ್ದಕ್ಕೆ ವಿಲ್ಚರ್ ತೆತ್ತ ಬೆಲೆ ಇದೇ. ಇಂಥ ಸ್ಪೀಕರ್‌ಗಳು ಹೆಚ್ಚು ಪವರ್ ಕೇಳುತ್ತವೆ.

ತಂತಿಯ ಲೆಕ್ಕವೂ ಇದೆ. 0.75 ಚದರ ಮಿಲಿಮೀಟರ್ ತಾಮ್ರದ ತಂತಿ 5 ಮೀಟರ್ ದೂರ ಹೋಗಿ ಬಂದರೆ ರೋಧ ಸುಮಾರು 0.23 ಓಮ್. 2.5 ಚದರ ಮಿಲಿಮೀಟರಿನದ್ದಾದರೆ ಸುಮಾರು 0.07 ಓಮ್. ಸ್ಪೀಕರ್ 4 ಓಮ್ ಇದ್ದಾಗ ಈ ವ್ಯತ್ಯಾಸ ಕಡೆಗಣಿಸುವಂಥದ್ದಲ್ಲ. ಸಾಮಾನ್ಯ ತಾಮ್ರದ ದಪ್ಪ ತಂತಿ ಸಾಕು, ದುಬಾರಿ ಕೇಬಲ್ ಬೇಕಿಲ್ಲ.

ಹಳೆಯ ಆಂಪ್ಲಿಫೈಯರನ್ನೇ ಬಳಸುವುದಾದರೆ ಹಿಂಬದಿಯ ವೋಲ್ಟೇಜ್ ಸ್ವಿಚ್ ನೋಡಿ. ಸೌದಿಯ ಮನೆಗಳಲ್ಲಿ ಆಗ 127 ವೋಲ್ಟ್ ಇತ್ತು. ಅದೇ ಜಾಗದಲ್ಲಿ ಬಿಟ್ಟು ನಮ್ಮ 230 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತದೆ. ಮೆಕ್ಯಾನಿಕ್‌ಗಳು ಮೊದಲು ಸೀರೀಸ್ ಬೋರ್ಡಿನ ಬಲ್ಬಿನ ಮೂಲಕವೇ ಕರೆಂಟು ಕೊಟ್ಟು ನೋಡುತ್ತಾರೆ. ಸ್ಪೀಕರ್ ಜೋಡಿಸುವ ಮುನ್ನ ಔಟ್‌ಪುಟ್ಟಿನಲ್ಲಿ ಡಿಸಿ ಅಳೆಯಬೇಕು. ಕೆಲವು ಮಿಲಿವೋಲ್ಟ್ ಇದ್ದರೆ ಸರಿ, ವೋಲ್ಟ್‌ಗಟ್ಟಲೆ ಇದ್ದರೆ ವೂಫರ್ ಉಳಿಯದು. ಒಳಗಿನ ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿರುತ್ತವೆ. ಆದ್ದರಿಂದ ಆಂಪ್ಲಿಫೈಯರ್ ಬಿಚ್ಚುವ ಕೆಲಸ ಬಲ್ಲವರಿಗೆ ಬಿಡಿ.

ಕೊನೆಗೆ

ತಂದೆಯವರು ತೀರಿಕೊಂಡ ಮೇಲೆ ಒಂದು ದಿನ ನಾನು ಆ ಸ್ಪೀಕರ್‌ಗಳನ್ನು ಅಟ್ಟದಿಂದ ಇಳಿಸಿದೆ. ಫೋಮ್ ಪುಡಿಯಾಗಿತ್ತು, ಬದಲಿಸಿದೆ. ಕೆಪಾಸಿಟರ್ ಬದಲಿಸಿದೆ. ವೂಫರ್ ಮೊದಲಿನಂತೆಯೇ ಗಟ್ಟಿಯಾಗಿತ್ತು. ಟ್ವೀಟರ್ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಬೇರೆ ಕಂಪನಿಯದ್ದನ್ನು ಇಂಪಿಡೆನ್ಸ್ ಹೊಂದಿಸಿ ಕೂರಿಸಿದೆ. ಮೊದಲಿನ ಶಬ್ದ ಅದಲ್ಲ. ಆದರೂ ಕ್ಯಾಸೆಟ್ ಹಾಕಿದಾಗ ‘ಸ’ ಅಕ್ಷರ ಸ್ಪಷ್ಟವಾಗಿ ಕೇಳಿಸಿತು. ತಾಯಿಯವರು ಅಡುಗೆಮನೆಯಿಂದ ಬಂದು ಕುಳಿತರು.

ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಗುಜರಿಗೆ ಹಾಕುವ ಮೊದಲು, ಕರೆಂಟು ಕೊಡುವುದಕ್ಕೂ ಮೊದಲು, ಅಳೆದು ನೋಡಿ. ಪ್ರಯೋಗಾಲಯದ ಮಲ್ಟಿಮೀಟರ್ ನಿಮಗಾಗಿಯೇ ಇದೆ.

ಅಭ್ಯಾಸಕ್ಕೆ

1. 6 ಮೈಕ್ರೊಫ್ಯಾರಡ್ ಕೆಪಾಸಿಟರಿನ ಬೆಲೆ 9ಕ್ಕೆ ಏರಿದರೆ 5000 ಹರ್ಟ್ಸ್‌ನಲ್ಲಿ ಅದರ ರಿಯಾಕ್ಟನ್ಸ್ ಎಷ್ಟು? ಟ್ವೀಟರಿಗೆ ಇದರಿಂದ ಏನಾಗಬಹುದು?

2. 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಶ್ರೇಣಿಯಲ್ಲಿ ಮತ್ತು ಸಮಾಂತರವಾಗಿ ಜೋಡಿಸಿದಾಗ 20 ವೋಲ್ಟ್‌ಗೆ ಒಟ್ಟು ಪವರ್ ಎಷ್ಟೆಷ್ಟು?

3. 1 ವ್ಯಾಟ್‌ಗೆ 86 ಡೆಸಿಬಲ್ ಕೊಡುವ ಸ್ಪೀಕರಿನಿಂದ, ಅಷ್ಟೇ ದೂರದಲ್ಲಿ 96 ಡೆಸಿಬಲ್ ಬರಬೇಕಾದರೆ ಎಷ್ಟು ವ್ಯಾಟ್ ಬೇಕು?