ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ

ವಿಶ್ವವಿದ್ಯಾಲಯದವರು ನಡೆಸುವ ಗಣಿತ-ವಿಜ್ಞಾನ ಶಿಬಿರಕ್ಕೆ ಹಳ್ಳಿ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರೇ, ಕಚೇರಿಗೆ ಕೊಟ್ಟ ಪ್ರತಿ ಪತ್ರದ ನಕಲಿನ ಮೇಲೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನಾನು ಹಾಕಿಸಿಕೊಂಡಿದ್ದೆ. ಶಿಬಿರಕ್ಕೆ ತಲುಪಿದ ರಾತ್ರಿ ನನ್ನ ಮಾನ ಉಳಿಸಿದ್ದು ಅದೊಂದೇ.

ನಮ್ಮದು ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆಗೆ ರಾಜ್ಯದಲ್ಲೇ ಕೊನೆಯ ಸ್ಥಾನ, ಪಾಸಾದವರು ಶೇ. 50.59. ಕೇಂದ್ರದ ಇನ್‌ಸ್ಪೈರ್ ಶಿಬಿರಗಳಿಗೆ ಹೋಗುವವರು ಹತ್ತನೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು ವಿಜ್ಞಾನ ತೆಗೆದುಕೊಂಡವರು. ನಮ್ಮ ತಾಂಡಾದ ಹುಡುಗಿಯರಿಗೆ, ಮನೆಯಲ್ಲಿ ಉರ್ದು ಆಡುವ ಹುಡುಗರಿಗೆ ಆ ಪಟ್ಟಿ ಬಲು ದೂರ. ಹಾಗಾಗಿ, ಅಂಕ ನೋಡುವುದಿಲ್ಲ, ಆಸಕ್ತಿಯಿದ್ದರೆ ಸಾಕು ಎಂಬ ವಿಶ್ವವಿದ್ಯಾಲಯದ ಸುತ್ತೋಲೆ ಬಂದಾಗ ನಾನು ಬಿಡಲಿಲ್ಲ.

ಶಿಬಿರ ಇಟ್ಟದ್ದು ನವೆಂಬರಿನಲ್ಲಿ. ಸುತ್ತೋಲೆ ಬರೆದವರಿಗೆ ನಮ್ಮ ಕಡೆಯ ನವೆಂಬರ್ ಗೊತ್ತಿದ್ದಂತಿಲ್ಲ. ಅದು ಹತ್ತಿ ಬಿಡಿಸುವ ಕಾಲ. ಎಷ್ಟೋ ಮನೆಗಳಿಗೆ ಬೀಗ, ಎಲ್ಲರೂ ಬೆಂಗಳೂರಿಗೆ ಗುಳೆ. "ಹತ್ತಿ ಬಿಡಸಾಕ ಆಳ ಇಲ್ಲ, ಹುಡುಗೀನ ಎಲ್ಲಿಗಿ ಒಯ್ತೀರಿ ಅಕ್ಕೋರ?" ಎಂದ ಒಬ್ಬ ತಂದೆಯನ್ನು ಹೊಲದ ಬದುವಿನ ಮೇಲೆ ಕೂತು ಕತ್ತಲಾಗುವವರೆಗೆ ಒಪ್ಪಿಸಿದೆ. ಹುಡುಗಿಯರಿಗೆ ಶಕ್ತಿ ಯೋಜನೆಯ ಉಚಿತ ಬಸ್ಸಿತ್ತು. ಹುಡುಗರ ಟಿಕೆಟ್ ನಾನೇ ತೆಗೆಸಿದೆ. ಬಿಲ್ ಕೊಡಿ, ಆಮೇಲೆ ನೋಡೋಣ ಎಂದಿದ್ದರು ವಿಶ್ವವಿದ್ಯಾಲಯದವರು.

ವಿಶ್ವವಿದ್ಯಾಲಯ ತಲುಪಿದಾಗ ರಾತ್ರಿ ಎಂಟು ದಾಟಿತ್ತು. ಹಾಸ್ಟೆಲ್ಲಿನ ಗುಮಾಸ್ತ ರಿಜಿಸ್ಟರ್ ತಿರುವಿ, "ಈ ಶಾಲೆಯ ಹೆಸರೇ ಇಲ್ಲ ಮೇಡಂ" ಎಂದ. ಪಟ್ಟಿ ಹೋಗಬೇಕಾದದ್ದು ನಮ್ಮ ಮೇಲಿನ ಕಚೇರಿಯ ಮೂಲಕ. ಅಲ್ಲಿನ ಅಧಿಕಾರಿಗೆ ಫೋನ್ ಮಾಡಿದರೆ, "ಪಟ್ಟಿ ಕೊಟ್ಟಿದ್ದೇ ನನಗೆ ಗೊತ್ತಿಲ್ಲ" ಎಂದು ಇಟ್ಟುಬಿಟ್ಟರು. ತಿಂಗಳಿಗೊಮ್ಮೆ ನಮಗೆ ಹೊಣೆಗಾರಿಕೆಯ ಪಾಠ ಮಾಡುವವರು ಇವರೇ. ಹುಡುಗಿಯರು ಚೀಲ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಒಬ್ಬಳಿಗೆ ದಾರಿಯಲ್ಲೇ ಮುಟ್ಟು ಶುರುವಾಗಿತ್ತು. ಶೌಚಾಲಯದ ಕೀಲಿ ವಾರ್ಡನ್ ಹತ್ತಿರ, ವಾರ್ಡನ್ ಊರಲ್ಲಿಲ್ಲ. ಅಷ್ಟರಲ್ಲಿ ಬದುವಿನ ಮೇಲೆ ಒಪ್ಪಿಸಿದ್ದ ತಂದೆಯ ಫೋನ್: "ಊಟ ಆತೇನ್ರಿ ಅಕ್ಕೋರ?" ಆಯಿತೆಂದು ಸುಳ್ಳು ಹೇಳಿದೆ. ಎದುರಿನ ಬ್ಯಾನರಿನಲ್ಲಿ ಉದ್ಘಾಟಕರ ಹೆಸರು, ಮುಖ್ಯ ಅತಿಥಿಗಳ ಫೋಟೊ ಎಲ್ಲ ಇತ್ತು. ತುರ್ತಿಗೆ ಒಂದು ಫೋನ್ ನಂಬರ್ ಇರಲಿಲ್ಲ. ಕೊನೆಗೆ ಕಚೇರಿಯ ಮೊಹರು ಬಿದ್ದ ಪಟ್ಟಿಯ ನಕಲನ್ನು ಗುಮಾಸ್ತನ ಮೇಜಿನ ಮೇಲಿಟ್ಟು, "ಜಾಗ ಇಲ್ಲ ಅಂತ ಇದರ ಮೇಲೆ ಬರೆದು ಸಹಿ ಹಾಕಿ ಕೊಡಿ" ಅಂದೆ. ಸಹಿ ಎಂದ ಕೂಡಲೇ ಎರಡು ಕೋಣೆ ಖಾಲಿ ಇರುವುದು ಅವನಿಗೆ ನೆನಪಾಯಿತು. ಕೀಲಿ ಹುಡುಕಿಸಿದ್ದು, ಊಟ ತರಿಸಿದ್ದು ಅಲ್ಲಿನ ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ತನ್ನ ದುಡ್ಡಿನಲ್ಲಿ.

ಶಿಬಿರ ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಅದೇ ಸಂಶೋಧನಾ ವಿದ್ಯಾರ್ಥಿನಿ ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿಸಿ ಗ್ರಂಥಾಲಯದ ಎತ್ತರ ಅಳೆಯಿಸಿದಳು. ಕಟ್ಟಡದ ತುದಿ 45 ಡಿಗ್ರಿಯಲ್ಲಿ ಕಾಣುವಲ್ಲಿ ನಿಂತರೆ, ಟ್ಯಾನ್ 45 ಅಂದರೆ 1, ಆದ್ದರಿಂದ ಗೋಡೆಯವರೆಗಿನ ದೂರಕ್ಕೆ ನಮ್ಮ ಕಣ್ಣಿನ ಎತ್ತರ ಕೂಡಿಸಿದರಾಯಿತು. ಹತ್ತಿ ಹೊಲದಿಂದ ಬಂದ ನಮ್ಮ ಹುಡುಗಿ ನೆಲದ ಮೇಲೆ ಅಂಗಾತ ಮಲಗಿ ನೋಡಿದಳು. "ಈಗ ಕೂಡಸೂದ ಬ್ಯಾಡಲ್ರಿ?" ಎಂದಳು. ಹತ್ತನೆಯ ತ್ರಿಕೋನಮಿತಿಯನ್ನು ವರ್ಷಗಟ್ಟಲೆ ಕಲಿಸಿದ ನನಗೂ ಅದು ಹೊಳೆದಿರಲಿಲ್ಲ.

ಶಿಕ್ಷಕರೇ, ಮೊಹರಿನ ಜೊತೆಗೆ ಇನ್ನಷ್ಟು: ಓಓಡಿ (ಅನ್ಯ ಕಾರ್ಯ ನಿಮಿತ್ತ) ಆದೇಶ ಕೈಗೆ ಬರದೆ ಹೊರಡಬೇಡಿ. ವಾರ್ಡನ್ ನಂಬರ್ ಮೊದಲೇ ಇಸಿದುಕೊಳ್ಳಿ. ಚೀಲದಲ್ಲಿ ಪ್ಯಾಡ್, ಕಟಕ ರೊಟ್ಟಿ, ಶೇಂಗಾ ಚಟ್ನಿ ಇರಲಿ.

ವಿಶ್ವವಿದ್ಯಾಲಯದವರಲ್ಲಿ ಕೇಳುವುದು ಇಷ್ಟೇ: ಶಾಲಾ ವರ್ಷದ ಆರಂಭದ ಸೇತುಬಂಧ ಪಾಠ ಮುಗಿದ ಮೇಲೆ, ಹತ್ತಿ ಬಿಡಿಸುವುದಕ್ಕೆ ಮುಂಚೆ, ಆಗಸ್ಟ್ ಒಳಗೆ ಶಿಬಿರ ಇಡಿ. ಬಸ್ಸಿನ ಹಣ ಮುಂಚೆಯೇ ಕಳಿಸಿ (ನನ್ನದು ಇನ್ನೂ ಬಂದಿಲ್ಲ). ಉದ್ಘಾಟಕರನ್ನು ಹುಡುಕುವ ಮೊದಲು, ಆ ದಿನ ವಾರ್ಡನ್ ಊರಲ್ಲಿರುತ್ತಾರೋ ಇಲ್ಲವೋ ವಿಚಾರಿಸಿ.