ರುದ್ರಾಂಬೆಯನ್ನು ಕೈಬಿಡಬೇಡ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಓದಲು ಬರುವ ತಂಗಿಗೆ,

ಕಿರುಪ್ರಬಂಧಕ್ಕೆ ‘ಹ್ಯಾಮ್ಲೆಟ್’ ಸಾಕು, ಕುವೆಂಪು ಅವರ ‘ರಕ್ತಾಕ್ಷಿ’ ಅದರ ಬರೀ ರೂಪಾಂತರ ಎಂದು ನೀನು ತೀರ್ಮಾನಿಸಿದಂತಿದೆ. ಆಯ್ಕೆ ನಿನ್ನದು, ಎರಡರಲ್ಲಿ ಯಾವುದನ್ನು ಹಿಡಿದರೂ ತಪ್ಪಿಲ್ಲ. ಆದರೆ ‘ನಿರ್ಧಾರ ಮಾಡಲಾರದ ರಾಜಕುಮಾರ’ ಎಂಬ ಗೈಡಿನ ಮಾತಿನಿಂದ ಶುರು ಮಾಡುತ್ತೀಯೆಂದರೆ ಸುಮ್ಮನಿರುವುದು ಕಷ್ಟ.

ಈ ಚಾಳಿಯನ್ನು ನಿಮಗೆ ದಾಟಿಸಿದ್ದು ನಮ್ಮ ತಲೆಮಾರೇ. ನಮ್ಮ ಕಾಲದಲ್ಲಿ ದುರಂತ ನಾಟಕವೆಂದರೆ ನಾಯಕನ ಒಂದು ದೋಷ ಹುಡುಕುವುದು: ಮ್ಯಾಕ್‌ಬೆತ್‌ಗೆ ಅತಿಯಾಸೆ, ಒಥೆಲೋಗೆ ಸಂಶಯ, ಹ್ಯಾಮ್ಲೆಟ್‌ಗೆ ಹಿಂಜರಿಕೆ. ಇದಕ್ಕೆ ಅರಿಸ್ಟಾಟಲನ ಹೆಸರು ಹೇಳುತ್ತಿದ್ದೆವು. ಆತನಾದರೋ ಕ್ರಿಯೆಗೆ ಮೊದಲ ಸ್ಥಾನ ಕೊಟ್ಟು, ಪಾತ್ರಸ್ವಭಾವವನ್ನು ಎರಡನೆಯದಾಗಿ ಇಟ್ಟವನು. ಹ್ಯಾಮ್ಲೆಟ್ ಅತಿ ಯೋಚನೆಯಿಂದಲೇ ಕೆಟ್ಟನೆಂಬ ಕೋಲ್‌ರಿಜ್‌ನ ವಾದವನ್ನು ವಿಮರ್ಶಕ ಬ್ರ್ಯಾಡ್ಲಿ 1904ರಲ್ಲೇ ಒಪ್ಪಲಿಲ್ಲ. ಬ್ರ್ಯಾಡ್ಲಿಯ ಪುಸ್ತಕ ಓದಿದ್ದೇವೆಂದು ಹೇಳಿಕೊಂಡವರೂ ತರಗತಿಯಲ್ಲಿ ಹಿಂಜರಿಕೆಯ ಮಾತನ್ನೇ ಒಪ್ಪಿಸಿದರು. ಅಂಕ ಬಂತು, ನಾಟಕ ಕೈತಪ್ಪಿತು.

ನಾಟಕವನ್ನೇ ಸಾಕ್ಷಿ ಕೇಳು. ಮೂರನೆಯ ಅಂಕದಲ್ಲಿ ಪ್ರಾರ್ಥನೆಗೆ ಕೂತ ಅರಸ ಕ್ಲಾಡಿಯಸ್‌ನನ್ನು ಹ್ಯಾಮ್ಲೆಟ್ ಬಿಟ್ಟುಬಿಡುತ್ತಾನೆ. ಮರುದೃಶ್ಯದಲ್ಲೇ ಪರದೆಯ ಹಿಂದೆ ಯಾರಿದ್ದಾರೆಂದು ನೋಡದೆ ಇರಿದು ಪೊಲೋನಿಯಸ್‌ನನ್ನು ಕೊಲ್ಲುತ್ತಾನೆ. ಜೊತೆಗೆ ಓದಿದ ಇಬ್ಬರನ್ನು ಒಂದು ಕಾಗದ ತಿದ್ದಿ ಸಾವಿಗೆ ಕಳಿಸುತ್ತಾನೆ. ಇವನನ್ನು ಹಿಂಜರಿಕೆಯವನೆಂದರೆ ಈ ಹೆಣಗಳ ಲೆಕ್ಕ ಯಾರು ಕೊಡಬೇಕು? ಪಾತ್ರ ಏನು ಮಾಡಿತು, ಯಾವಾಗ ಮಾಡಿತು, ಯಾರಿಗೆ ಏನನ್ನೂ ಮಾಡುವ ಅವಕಾಶವೇ ಇರಲಿಲ್ಲ ಎಂದು ಕೇಳುತ್ತ ಹೋದರೆ ಆಶಯ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಅವಕಾಶವೇ ಇಲ್ಲದವಳು ಒಫೀಲಿಯಾ. ಅಣ್ಣ ಬುದ್ಧಿ ಹೇಳುತ್ತಾನೆ, ಅಪ್ಪ ಆಜ್ಞೆ ಮಾಡುತ್ತಾನೆ, ಅರಸ ಅವಳನ್ನು ಗಾಳದ ಹುಳುವಾಗಿ ಬಳಸುತ್ತಾನೆ. ಹುಚ್ಚು ಹಿಡಿದ ಮೇಲೆ ಮಾತ್ರ ಅವಳ ಬಾಯಿಗೆ ಸ್ವಾತಂತ್ರ್ಯ. ಅವಳ ಸಾವು ಕೂಡ ರಂಗದ ಮೇಲೆ ನಡೆಯುವುದಿಲ್ಲ, ರಾಣಿ ಬಂದು ವರದಿ ಮಾಡುತ್ತಾಳೆ. ಕುವೆಂಪು ಕೈಯಿಟ್ಟಿದ್ದು ಇಲ್ಲಿಗೇ. 1930ರ ದಶಕದ ಆರಂಭದ ‘ರಕ್ತಾಕ್ಷಿ’ಯಲ್ಲಿ ಡೆನ್ಮಾರ್ಕಿನ ಜಾಗಕ್ಕೆ ನಮ್ಮ ಬಿದನೂರು ಬಂತು, ಹ್ಯಾಮ್ಲೆಟ್‌ನ ಜಾಗಕ್ಕೆ ಬಸವಯ್ಯ, ಒಫೀಲಿಯಾಳ ಜಾಗಕ್ಕೆ ರುದ್ರಾಂಬೆ. ಆದರೆ ನಾಟಕದ ಹೆಸರು ರಾಜಕುಮಾರನದಲ್ಲ. ಸೇಡಿನ ಭಾರ ರುದ್ರಾಂಬೆಯ ಹೆಗಲಿಗೆ ದಾಟುತ್ತದೆ, ರಕ್ತಾಕ್ಷಿ ಅವಳೇ. ಕ್ರಿಯೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದೊಡನೆ ನಾಟಕದ ಪ್ರಶ್ನೆಯೇ ಬದಲಾಯಿತು: ಸೇಡು ಸರಿಯೇ ಎಂಬ ಸಂದೇಹ ಹಿಂದೆ ಸರಿದು, ಅರಮನೆಯ ಪಾಪಕ್ಕೆ ಬಲಿಯಾದ ಹೆಣ್ಣು ಎದ್ದು ನಿಂತರೆ ಅವಳು ಏನಾಗುತ್ತಾಳೆ ಎಂಬುದು ಮುಂದೆ ಬಂತು.

ರೂಪಾಂತರಕ್ಕೆ ಸ್ವಂತ ಬೆಲೆ ಎಲ್ಲಿದೆ ಎನ್ನಬಹುದು ನೀನು. ಷೇಕ್ಸ್‌ಪಿಯರನ ಕಥೆಯೂ ಡೇನಿಷ್ ಇತಿಹಾಸಕಾರ ಸ್ಯಾಕ್ಸೊನಿಂದ ಬಂದದ್ದೇ. ಬಿ.ಎಂ.ಶ್ರೀ. ಸೊಫೊಕ್ಲಿಸ್‌ನ ‘ಏಜಾಕ್ಸ್’ ಹಿಡಿದು 1929ರಲ್ಲಿ ‘ಅಶ್ವತ್ಥಾಮನ್’ ಕಟ್ಟಿದರು, ಅದನ್ನು ಎರವಲೆಂದು ಯಾರೂ ಮೂಲೆಗೆ ತಳ್ಳಲಿಲ್ಲ. ಹ್ಯಾಮ್ಲೆಟ್‌ನ ಒಳತುಮುಲದ ಸೂಕ್ಷ್ಮ ‘ರಕ್ತಾಕ್ಷಿ’ಯಲ್ಲಿ ತೆಳುವಾಗಿದೆ, ಆವೇಶ ಹೆಚ್ಚಿದೆ ಎಂಬ ಆಕ್ಷೇಪಕ್ಕೆ ತೂಕವಿದೆ, ಒಪ್ಪುತ್ತೇನೆ. ಹಾಗಿದ್ದರೆ ಅದನ್ನೇ ಬರಿ! ಏನು ಕಳೆಯಿತು, ಅದರ ಬದಲಿಗೆ ಏನು ದಕ್ಕಿತು ಎಂದು ಎರಡು ನಾಟಕಗಳನ್ನು ಎದುರುಬದುರು ಇಟ್ಟಾಗ ಕಾಣುವುದು ಒಂದರಿಂದ ಕಾಣದು.

ಏನು ಮಾರಾಯ್ತಿ, ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಕುವೆಂಪು ಹೆಸರು, ಶಿವಮೊಗ್ಗದ ರಂಗಮಂದಿರಕ್ಕೂ ಅವರ ಹೆಸರು, ಅವರ ನಾಟಕ ಮಾತ್ರ ಓದಲು ಬೇಡವೇ? ಸಿಟ್ಟಾಗಬೇಡ. ನಿನ್ನ ಓದಿನ ಮೇಲೆ ನಂಬಿಕೆ ಇರುವುದರಿಂದಲೇ ಇಷ್ಟು ಬರೆದೆ. ವಿಷಯದ ಅರ್ಜಿ ಕೊಡುವ ಮೊದಲು ‘ರಕ್ತಾಕ್ಷಿ’ಯನ್ನು ಒಮ್ಮೆ ಪೂರ್ತಿ, ಸಾಧ್ಯವಾದರೆ ಗಟ್ಟಿಯಾಗಿ ಓದು. 1763ರಲ್ಲಿ ಹೈದರಾಲಿ ಗೆದ್ದ ಆ ಬಿದನೂರು ಈಗ ಹೊಸನಗರ ತಾಲ್ಲೂಕಿನ ನಗರ. ಶಿವಮೊಗ್ಗದಿಂದ ಅಲ್ಲಿಗೆ ಬಸ್ಸಿದೆ.